ಬಾಟ್ಲಿ ಪೆಟ್ರೋಲ್ ಸಿಗದ ಊರು

ರೊದ್ದಂ ರಸ್ತೆ

ಪೆಟ್ರೋಲ್ ಹುಟ್ಟುವ ದೇಶಕ್ಕೆ ಹೋಗಿ ಬಂದೆ. ನೋಡುವಂಥದ್ದೇನೂ ಇಲ್ಲ. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಬಂದವರೆಲ್ಲ "ದುಬೈ ಹೆಂಗಿತ್ತಜ್ಜಿ?" ಅಂತ ಅಂಗಡಿ ಮುಂದೆ ನಿಂತು ಕೇಳುತ್ತಾರೆ, ಅರ್ಧ ಕೇಳಿಸಿಕೊಂಡು ಬೈಕ್ ಹತ್ತಿ ಹೋಗಿಬಿಡುತ್ತಾರೆ. ಪೂರ್ತಿ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಇದಕ್ಕೆ ಅಷ್ಟು ಸಾಕು.

ಹಿಂದೂಪುರದಿಂದ ರೊದ್ದಂ ಕಡೆ ಹೋಗುವ ರಸ್ತೆಯಲ್ಲಿ ನನ್ನ ಅಂಗಡಿ. ಹಿಂದೆ ನಮ್ಮ ಮನೆಯಲ್ಲಿ ಮಗ್ಗವಿತ್ತು. ಗಂಡ ಸತ್ತ ಮೇಲೆ ಮಗ್ಗ ಸೌದೆಯಾಯಿತು. ನಾನು ಬೀಡಿ, ಬಿಸ್ಕತ್ತು, ಸೋಪು ಇಟ್ಟೆ. ಆಮೇಲೆ ಪೆಟ್ರೋಲ್. ಬಂಕಿನಿಂದ ಕ್ಯಾನಿನಲ್ಲಿ ತಂದು, ನೀರಿನ ಬಾಟ್ಲಿಗಳಿಗೆ ತುಂಬಿ, ಹಲಗೆ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ. ಕಾನೂನಿಗೆ ಇದು ಸರಿಯಲ್ಲ ಅಂತ ಗೊತ್ತು. ಹಾಗಂತ ನನಗೆ ಬುದ್ಧಿ ಹೇಳಿ ಹೋದವರೇ ದಾರಿಯಲ್ಲಿ ನಿಂತಾಗ ಬೈಕ್ ತಳ್ಳಿಕೊಂಡು ನನ್ನ ಹತ್ತಿರವೇ ಬಂದಿದ್ದಾರೆ.

ನಮ್ಮ ಕಡೆ ಟ್ಯಾಂಕ್ ತುಂಬಿಸುವ ಪದ್ಧತಿಯಿಲ್ಲ. ನೂರಕ್ಕೆ ಹಾಕಿಸು, ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ತಳಕ್ಕೆ ಬಿದ್ದರೂ ಓಡಿಸು, ನಿಂತರೆ ಬೈಕನ್ನು ಒಂದು ಪಕ್ಕಕ್ಕೆ ವಾಲಿಸಿ ಮೂಲೆಯಲ್ಲಿರುವ ನಾಲ್ಕು ತೊಟ್ಟು ಇಳಿಸು, ಟ್ಯಾಂಕಿಗೆ ಬಾಯಿಟ್ಟು ಊದು, ಮುಂದಿನ ಊರು ಮುಟ್ಟು. ಊರಿಗೊಂದು ಬಾಟ್ಲಿ ಅಂಗಡಿ ಇದ್ದೇ ಇರುತ್ತದೆ. ಯಾರಾದರೂ "ಫುಲ್ ಮಾಡಿಸ್ಬಿಡ್ಲಾ ಅಜ್ಜಿ?" ಅಂತ ಕೇಳಿದರೆ ನಾನೇ ಬೇಡ ಅನ್ನುತ್ತಿದ್ದೆ. "ತುಂಬ್ಸಿ ನಿಲ್ಸಿದ್ರೆ ಕಳ್ಳರು ಪೈಪ್ ಹಾಕಿ ಎಳ್ಕೊಂಡ್ ಹೋಯ್ತಾರೆ ಕಣಪ್ಪ. ನಿಂತ್ರೆ ನಾನಿದೀನಲ್ಲ." ಕಳ್ಳರು ಎಳೆಯುವುದು ನಿಜ. ಆದರೆ ನಾನು ಹೇಳುತ್ತಿದ್ದದ್ದು ನನ್ನ ವ್ಯಾಪಾರಕ್ಕೆ.

ಈ ಮಾತು ಕೇಳಿಕೊಂಡೇ ಬೆಳೆದವನು ನನ್ನ ಮೊಮ್ಮಗ ಮಂಜ. ಕಲ್ಯಾಣದುರ್ಗಕ್ಕೆ ಕೊಟ್ಟ ಮಗಳು ರತ್ನಳ ಮಗ. ಮೂರು ಹೆಣ್ಣುಮಕ್ಕಳ ಜೊತೆ ಇವನೊಬ್ಬ ಹೆಚ್ಚಾದ ಅಂತ ಐದನೇ ವರ್ಷಕ್ಕೆ ನನ್ನ ಹತ್ತಿರ ಬಿಟ್ಟಳು. ಅಕ್ಷರ ಕಲಿಯುವ ಮೊದಲು ಚೆಲ್ಲದೆ ಪೆಟ್ರೋಲ್ ಸುರಿಯುವುದು ಕಲಿತ. ದೊಡ್ಡವನಾಗಿ ಶಾರ್ಜಾಕ್ಕೆ ಹೊರಟು ನಿಂತ, ಬೈಕಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಕೆಲಸಕ್ಕೆ. "ನೀನ್ ಮಾರೋ ಪೆಟ್ರೋಲ್ ಎಲ್ಲಿಂದ ಬತ್ತದೋ ಅಲ್ಲಿಗೇ ಹೋಯ್ತೀನಜ್ಜಿ. ನಿಂಗೂ ತೋರಿಸ್ತೀನಿ, ಪಾಸ್‌ಪೋರ್ಟ್ ಮಾಡಿಸ್ಕೊ" ಅಂದ. ಮಾಡಿಸಿಕೊಂಡೆ. ಅದು ಮೂರು ವರ್ಷ ಟ್ರಂಕಿನಲ್ಲಿ ನುಸಿಗುಳಿಗೆ ವಾಸನೆ ಕುಡಿಯುತ್ತಾ ಬಿದ್ದಿತ್ತು.

ಆಮೇಲೆ ಫೋನ್ ಬಂತು. ಮಂಜನಿಗೆ ಕಾರು ತಗುಲಿದೆ, ಕಾಲು ಮುರಿದಿದೆ, ಒಳಗೆ ರಾಡ್ ಹಾಕಿದ್ದಾರೆ. ರತ್ನಳ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ, ನನ್ನ ಹತ್ತಿರ ಇತ್ತು. ವೀಸಾ ಬರಲು ತಡವಾಯಿತು. ಬಂದ ಕೂಡಲೇ ಹೊರಟೆ. ಅವನನ್ನು ನೋಡಿ ಬರಲಿಕ್ಕಲ್ಲ, ಕರೆದುಕೊಂಡು ಬರಲಿಕ್ಕೆ.

ಕೊಡಿಕೊಂಡ

ರತ್ನ ಕಲ್ಯಾಣದುರ್ಗದಿಂದ ಬಸ್ಸು ಬದಲಾಯಿಸಿಕೊಂಡು ಕೊಡಿಕೊಂಡ ಚೆಕ್‌ಪೋಸ್ಟಿಗೆ ಬಂದಿದ್ದಳು. ನಾನು ಅಲ್ಲಿಂದ ಏರ್‌ಪೋರ್ಟಿಗೆ ಕಾರು ಹತ್ತಬೇಕು. ಲಾರಿಗಳ ಸಾಲಿನ ಪಕ್ಕ, ಡಾಬಾದ ಬೆಂಚಿನ ಮೇಲೆ ಕೂತು ನನ್ನ ಕೈಗೆ ಕಡಲೆಬೀಜದ ಚಟ್ನಿಪುಡಿ ಕೊಟ್ಟು ಅಳತೊಡಗಿದಳು.

"ಅಮ್ಮ, ಅವನಿಗೆ ಬೈಬೇಡ ಕಣಮ್ಮ."

"ಬೈಯಕ್ಕೆ ಅಷ್ಟು ದೂರ ಯಾಕ್ ಹೋಗ್ಲಿ? ಫೋನಲ್ಲೇ ಬೈತೀನಿ. ಎಳ್ಕೊಂಡ್ ಬರಕ್ಕೆ ಹೋಯ್ತಾ ಇದೀನಿ."

"ಬರಲ್ಲ ಅಂದ್ಬುಟ್ರೆ?"

"ಕಾಲು ಮುರ್ದೋನು ನನ್ ಕೈ ತಪ್ಪಿಸ್ಕೊಂಡು ಓಡ್ತಾನಾ?"

ಅಳುತ್ತಿದ್ದವಳು ನಕ್ಕಳು. ನಕ್ಕಿದ್ದಕ್ಕೆ ನಾಚಿಕೆಪಟ್ಟು ಮತ್ತೆ ಅತ್ತಳು. "ನಾನು ಅವನನ್ನ ನಿನ್ನತ್ರ ಬಿಡಬಾರ್ದಾಗಿತ್ತು" ಅಂದಳು. ಆ ಮಾತು ನನಗೆ ಚುಚ್ಚಿತು. ಆಗ ಚುಚ್ಚಿದ್ದು ಅನ್ಯಾಯವಾಗಿ ಅಂತ ಅಂದುಕೊಂಡೆ.

ಏರ್‌ಪೋರ್ಟಿನಲ್ಲಿ ಒಂದು ಅವಾಂತರ. ಮನೆಯಲ್ಲಿದ್ದ ಗಟ್ಟಿ ಚೀಲ ಅಂದರೆ ಕ್ಯಾನ್ ಇಟ್ಟು ಪೆಟ್ರೋಲ್ ತರುತ್ತಿದ್ದ ಚೀಲ. ಎರಡು ಸಲ ಸೋಪು ಹಾಕಿ ಒಗೆದು ಸೀರೆ ತುಂಬಿಕೊಂಡು ಹೋಗಿದ್ದೆ. ತಪಾಸಣೆ ಮಾಡುವ ಹುಡುಗಿ ಚೀಲಕ್ಕೆ ಮೂಗಿಟ್ಟು ಹಿಂದೆ ಸರಿದಳು.

"ಏನಮ್ಮ, ಇದ್ರಲ್ಲಿ ಪೆಟ್ರೋಲ್ ತಂದಿದ್ದೀರಾ?"

"ಹತ್ತು ವರ್ಷ ತಂದೆ. ಇವತ್ತು ತಂದಿಲ್ಲ."

ಅವಳು ನಗಲಿಲ್ಲ. ಇನ್ನಿಬ್ಬರು ಬಂದರು. ಸೀರೆ ಕೊಡವಿದರು, ಒಳಲಂಗ ಕೊಡವಿದರು, ಚಟ್ನಿಪುಡಿ ಮೂಸಿದರು. ಕೊನೆಗೆ ಚೀಲ ಕಸದ ಡಬ್ಬಿಗೆ ಹೋಯಿತು. ಪ್ಲಾಸ್ಟಿಕ್ ಕವರಿನಲ್ಲಿ ಸೀರೆ ಹಿಡಿದುಕೊಂಡು ಸಂತೆಗೆ ಹೋಗುವವಳಂತೆ ವಿಮಾನ ಹತ್ತಿದೆ. ಸೀರೆಗಳಿಗೂ ಚೀಲದ ವಾಸನೆ ಹತ್ತಿತ್ತು, ಪಕ್ಕದಲ್ಲಿ ಕೂತಾಕೆ ದಾರಿಯುದ್ದಕ್ಕೂ ಮೂಗಿಗೆ ಸೆರಗು ಹಿಡಿದಿದ್ದಳು. ಹಿಡಿಯಲಿ. ಈ ವಾಸನೆಯೇ ಆ ವಿಮಾನವನ್ನು ಎತ್ತಿದ್ದು.

ಶಾರ್ಜಾ

ಮಂಜನ ಜೊತೆಗಾರ ಇಬ್ರಾಹಿಂ ಕರೆದುಕೊಂಡು ಹೋಗಲು ಬಂದಿದ್ದ. ನಮ್ಮ ಕದಿರಿಯವನು, ನಲವತ್ತು ದಾಟಿದವನು, ಬಂಕುಗಳಿಗೆ ಪೆಟ್ರೋಲ್ ಹೊರುವ ಟ್ಯಾಂಕರ್ ಓಡಿಸುತ್ತಾನೆ. ನನ್ನನ್ನು "ಅವ್ವಾ" ಅಂದ. ಅವರ ಕಡೆ ತೆಲುಗಿನಲ್ಲಿ ಅಜ್ಜಿಯನ್ನು ಹಾಗನ್ನುತ್ತಾರೆ.

ಇವರಿದ್ದದ್ದು ಪ್ಲೈವುಡ್ಡಿನಿಂದ ಮೂರು ಭಾಗ ಮಾಡಿದ ಒಂದು ಕೋಣೆ. ಒಂದು ಭಾಗವನ್ನು ನಮ್ಮಿಬ್ಬರಿಗೆ ಬಿಟ್ಟುಕೊಟ್ಟಿದ್ದರು. ಆಚೆಯವನು ಮಗ್ಗುಲು ಬದಲಿಸಿದರೆ ನಮ್ಮ ಗೋಡೆ ಅಲುಗುತ್ತಿತ್ತು. ಮಂಜ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಸೊರಗಿ ಗಂಟಲ ಮೂಳೆ ಎದ್ದಿತ್ತು.

"ಬಂದ್ಬುಟ್ಯಾ ಅಜ್ಜಿ?"

"ಇಲ್ಲ, ದಾರೀಲಿದೀನಿ. ಹೆಂಗಾಯ್ತು ಹೇಳು."

"ಬೈಕ್ ಕೆಟ್ಟು ನಿಂತ್ಬುಡ್ತು. ದೊಡ್ಡ ರಸ್ತೆ. ಅಂಚಲ್ಲಿ ತಳ್ಕೊಂಡು ಹೋಯ್ತಾ ಇದ್ದೆ. ಹಿಂದಿಂದ ಕಾರು ಬಂದು ತಗುಲ್ತು."

"ಏನ್ ಕೆಟ್ಟಿತ್ತು?"

"ಏನೋ... ಪ್ಲಗ್ಗು."

ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದ. ಸಣ್ಣವನಿದ್ದಾಗ ಬಿಸ್ಕತ್ತು ಕದ್ದರೂ ಹೀಗೇ ಗೋಡೆ ನೋಡುತ್ತಿದ್ದ.

ಆ ಊರಿನ ಜನರ ಬಗ್ಗೆ ಹೇಳಬೇಕು. ಕಾರು ಚಾಲೂ ಇಟ್ಟೇ ಅಂಗಡಿಗೆ ಹೋಗುತ್ತಾರೆ, ವಾಪಸ್ ಬಂದಾಗ ಒಳಗೆ ತಂಪಿರಬೇಕಂತೆ. ಚಹಾ ಬೇಕಾದರೂ ಇಳಿಯುವುದಿಲ್ಲ. ಅಂಗಡಿ ಮುಂದೆ ಹಾರ್ನ್ ಹೊಡೆಯುತ್ತಾರೆ, ಒಳಗಿನವನು ಬಿಸಿಲಲ್ಲಿ ಲೋಟ ಹಿಡಿದು ಓಡಿ ಬರುತ್ತಾನೆ. ಹಾಗೆ ಓಡಿ ಬಂದವರೆಲ್ಲ ನಮ್ಮ ದೇಶದವರು, ಇಲ್ಲ ನಮ್ಮ ಪಕ್ಕದ ದೇಶದವರು. ನಾನು ಬಾಟ್ಲಿಯ ತಳದಲ್ಲಿ ಉಳಿದ ಎರಡು ತೊಟ್ಟನ್ನೂ ಕೊಡವಿ ಸುರಿಯುವವಳು. ಕಿಟಕಿಯಲ್ಲಿ ನಿಂತು, ಖಾಲಿ ಕಾರುಗಳು ಗುರ್ ಅನ್ನುವುದನ್ನು ಕೇಳಿಸಿಕೊಳ್ಳುತ್ತಾ ಬೈಯುತ್ತಿದ್ದೆ. ಇಲ್ಲಿ ಗುರ್ ಅನ್ನುವ ಪೆಟ್ರೋಲಿಗೆ ಅಲ್ಲಿ ನನ್ನ ಗಿರಾಕಿ "ಇನ್ನೊಂದು ತೊಟ್ಟು ಬಿಡಜ್ಜಿ" ಅಂತ ಗೋಗರೆಯುತ್ತಾನೆ.

ಬಂಕ್

ಮೂರನೇ ದಿನ ಮಂಜ ಮಲಗಿದ್ದಾಗ ಮೊಳೆಗೆ ತೂಗುಹಾಕಿದ್ದ ಕೀ ತೆಗೆದುಕೊಂಡು ಕೆಳಗಿಳಿದೆ. ಬೈಕು ಕಟ್ಟಡದ ಹಿಂದೆ ಧೂಳು ಹಿಡಿದು ನಿಂತಿತ್ತು. ಮಡ್‌ಗಾರ್ಡ್ ಒಡೆದಿತ್ತು, ಕಾಲಿಡುವ ಕಡ್ಡಿ ಬಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲ್ ಇರುವ ಟ್ಯಾಂಕ್ ಮುಖಕ್ಕೆ ಉಸಿರು ಬಿಡುತ್ತದೆ. ಇದು ಬಿಡಲಿಲ್ಲ. ಅಲ್ಲಾಡಿಸಿದೆ, ಸದ್ದಿಲ್ಲ.

ಬಿದ್ದಾಗ ಚೆಲ್ಲಿರಬಹುದು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ಸ್ವಲ್ಪ ಪೆಟ್ರೋಲ್ ಹಾಕಿ ನೋಡಿದರೆ ತೀರಿತು. ಪ್ಲಗ್ ಕೆಟ್ಟಿದ್ದರೆ ಚಾಲೂ ಆಗಬಾರದು. ಕಸದ ಹತ್ತಿರ ಬಿದ್ದಿದ್ದ ನೀರಿನ ಬಾಟ್ಲಿ ಎತ್ತಿಕೊಂಡು, ಎದುರು ಕಾಣುತ್ತಿದ್ದ ಬಂಕಿಗೆ ಹೋದೆ. ಪೆಟ್ರೋಲ್ ಹಾಕುತ್ತಿದ್ದವನು ನೇಪಾಳದವನು. ಬಾಟ್ಲಿ ನೋಡಿ, ಹಾವು ನೋಡಿದವನಂತೆ ಎರಡೂ ಕೈ ಆಡಿಸಿದ. ನಾನು ಕನ್ನಡದಲ್ಲಿ ಕೇಳಿದೆ, ತೆಲುಗಿನಲ್ಲಿ ಕೇಳಿದೆ. ಅವನು ನನ್ನನ್ನು ಅಲ್ಲಿಂದ ಆಚೆ ಕಳಿಸುವುದರಲ್ಲೇ ಇದ್ದ. ಅಷ್ಟರಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಇಬ್ರಾಹಿಂ ನನ್ನನ್ನು ನೋಡಿ ರಸ್ತೆ ದಾಟಿ ಓಡಿ ಬಂದ.

"ಇಕ್ಕಡ ಸೀಸಾಲೋ ಪೊಯ್ಯರವ್ವಾ" ಅಂದ. ಇಲ್ಲಿ ಬಾಟ್ಲಿಗೆ ಹಾಕುವುದಿಲ್ಲವಂತೆ.

"ಮತ್ತೆ ದಾರೀಲಿ ನಿಂತೋನು ಏನ್ ಮಾಡ್ತಾನೆ?"

"ಇಲ್ಲಿ ಯಾರೂ ನಿಲ್ಲೋದೇ ಇಲ್ಲ" ಅಂದ. ಅಂದವನು ನಾಲಗೆ ಕಚ್ಚಿಕೊಂಡ.

ಬೈಕನ್ನೇ ತಳ್ಳಿಕೊಂಡು ಬರೋಣ ಅಂದೆ. ನಾಳೆ ನೋಡೋಣ ಅಂದ. ನಾನು ಹೋಗಿ ಒಬ್ಬಳೇ ಹ್ಯಾಂಡಲ್ ಹಿಡಿದೆ. ಮುದುಕಿ ತಳ್ಳುವುದನ್ನು ನೋಡಲಾಗದೆ ಅವನೂ ಕೈ ಹಾಕಿದ.

ಬಂಕಿನಲ್ಲಿ ಮೂರು ನಂಬರು: ತೊಂಬತ್ತೊಂದು, ತೊಂಬತ್ತೈದು, ತೊಂಬತ್ತೆಂಟು. ನಮ್ಮ ಹಿಂದೂಪುರದ ಬಂಕಿನಲ್ಲಿ ಸಾದಾ ಮತ್ತು ಪವರ್ ಅಂತ ಇರುತ್ತವೆ. ಹೊಸ ಬೈಕ್ ತಗೊಂಡವನು ಒಂದು ತಿಂಗಳು ಪವರ್ ಹಾಕಿಸುತ್ತಾನೆ, ಆಮೇಲೆ ನನ್ನ ಬಾಟ್ಲಿಗೆ ಇಳಿಯುತ್ತಾನೆ. ನಾನು ದೊಡ್ಡ ನಂಬರ್ ತೋರಿಸಿದೆ. ಇಬ್ರಾಹಿಂ ತಲೆ ಅಲ್ಲಾಡಿಸಿದ. ಆ ನಂಬರು ಎಣ್ಣೆಯ ಒಳ್ಳೆಯತನವಲ್ಲವಂತೆ. ಇಂಜಿನ್ ಒಳಗೆ ಪೆಟ್ರೋಲನ್ನು ಹಿಂಡುತ್ತದಲ್ಲ, ಎಷ್ಟು ಹಿಂಡಿದರೂ ಬೆಂಕಿ ತಗುಲುವ ಮೊದಲೇ ತಾನಾಗಿ ಸಿಡಿಯದೆ ತಾಳುವ ಶಕ್ತಿಯಂತೆ. ದೊಡ್ಡ ಕಾರು ಜಾಸ್ತಿ ಹಿಂಡುತ್ತದೆ, ಅದಕ್ಕೆ ತೊಂಬತ್ತೆಂಟು ಬೇಕು. ಈ ಸಣ್ಣ ಬೈಕಿಗೆ ತೊಂಬತ್ತೊಂದೇ ಸಾಕು, ಹೆಚ್ಚಿನದು ಹಾಕಿದರೆ ದುಡ್ಡು ದಂಡ, ಓಟ ಅಷ್ಟೇ.

ಇಷ್ಟು ವರ್ಷ ಮಾರಿದೆ, ಇದು ನನಗೆ ಗೊತ್ತಿರಲಿಲ್ಲ. ಅಂಗೈಗೆ ಒಂದು ತೊಟ್ಟು ಉಜ್ಜಿ ತಣ್ಣಗೆ ಹಾರಿಹೋದರೆ ಚೊಕ್ಕ, ಜಿಡ್ಡು ಉಳಿದರೆ ಸೀಮೆಎಣ್ಣೆ ಬೆರಕೆ. ನನಗೆ ತಿಳಿದದ್ದು ಅಷ್ಟು. ಹಿಂಡಿದರೂ ತಾಳುವುದಕ್ಕೆ ಜಾಸ್ತಿ ಬೆಲೆ ಅಂತ ಕೇಳಿ ಆ ಕೋಣೆಯ ಹುಡುಗರ ನೆನಪಾಯಿತು. ಮನುಷ್ಯರಲ್ಲಿ ತಾಳುವವನೇ ಅಗ್ಗ.

"ಆ ಸಣ್ಣ ನಂಬರೇ ಹಾಕು. ಆದ್ರೆ ಫುಲ್" ಅಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಅಲ್ಲಿ ಯಾರೂ ಇಷ್ಟಕ್ಕೆ ಹಾಕು ಅನ್ನುವುದಿಲ್ಲ. ಗಾಜು ಇಳಿಸಿ "ಫುಲ್" ಅಂದು ಗಾಜು ಏರಿಸುತ್ತಾರೆ.

ಬೈಕನ್ನು ಪಕ್ಕಕ್ಕೆ ತಳ್ಳಿಸಿದೆ. ಸ್ಟಾರ್ಟ್ ಮಾಡು ಅಂದೆ. ಬ್ಯಾಟರಿ ಸತ್ತಿದೆ ಅಂದ. ಕಿಕ್ ಇದೆಯಲ್ಲ ಅಂದೆ. ಒಂದು ಕಿಕ್, ಎರಡು, ಮೂರು. ಇಬ್ರಾಹಿಂ ನನ್ನ ಕಡೆ ನೋಡಿ ಉಸಿರು ಬಿಟ್ಟ. ಅವನಿಗೆ ಸಮಾಧಾನವಾದಂತೆ ಕಂಡಿತು. ಕೆಟ್ಟೇ ಇರಲಿ ಅಂತ ನಾನೂ ದೇವರಲ್ಲಿ ಬೇಡಿಕೊಂಡೆ. ನಾಲ್ಕನೇ ಕಿಕ್ಕಿಗೆ ಚಾಲೂ ಆಯಿತು. ಒಳ್ಳೆ ಸದ್ದು, ಎಲ್ಲೂ ತಡವರಿಕೆಯಿಲ್ಲ.

"ಪ್ಲಗ್ ಬಾಗುಂದಿ ಕದಾ, ಇಬ್ರಾಹಿಂ?" ಪ್ಲಗ್ ಚೆನ್ನಾಗಿಯೇ ಇದೆಯಲ್ಲ ಅಂತ ಅವನ ಭಾಷೆಯಲ್ಲೇ ಕೇಳಿದೆ.

"ನಿನಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದಾನೆ ಅವ್ವಾ" ಅಂದ.

ಪ್ಲೈವುಡ್ ಕೋಣೆ

"ಪ್ಲಗ್ ಸರ್ಯಾಗಿದೆ ಕಣ್ಲಾ" ಅಂದೆ.

ಮಂಜ ಎದ್ದು ಕೂತ. ಗೋಡೆ ನೋಡಲು ಹೋದ. "ಗೋಡೆ ಮೇಲೆ ಏನೂ ಬರ್ದಿಲ್ಲ, ನನ್ ಕಡೆ ನೋಡು" ಅಂದೆ.

"ಮುಳ್ಳು ಬಿದ್ದಿತ್ತಾ?"

"ಬೆಳಗ್ಗಿಂದ ಬಿದ್ದಿತ್ತು. ಇನ್ನೊಂದು ಟ್ರಿಪ್ ಹೋಯ್ತದೆ ಅಂದ್ಕೊಂಡೆ. ನಿಂತಾಗ ವಾಲಿಸ್ದೆ, ಊದಿದೆ. ಸ್ವಲ್ಪ ದೂರ ಹೋಯ್ತು, ಮತ್ತೆ ನಿಂತ್ಬುಡ್ತು."

"ದಾರೀಲಿ ಬಂಕ್ ಸಿಕ್ಲಿಲ್ವಾ?"

"ಎರಡು ದಾಟ್ದೆ."

"ಯಾಕ್ಲಾ ದಾಟ್ದೆ?"

"ಏನ್ ಕೇಳ್ತೀಯಜ್ಜಿ? ನಮ್ ಮನೇಲಿ ಟ್ಯಾಂಕ್ ತುಂಬ್ಸಿದ್ದು ಯಾವತ್ತು ನೋಡಿದೀಯ? ಮುಂದೆ ಯಾರೋ ಹಲಗೆ ಹಾಕ್ಕೊಂಡು ಕೂತಿರ್ತಾರೆ ಅಂತಾನೇ ಕೈ ಓಡ್ತದೆ. ಮೂರು ವರ್ಷದಿಂದ ಹಂಗೇ ಓಡಿಸ್ದೆ. ಆವತ್ತು ಕೂತಿರ್ಲಿಲ್ಲ, ಅಷ್ಟೆ."

ಅಷ್ಟೆ ಅಂದ. ನಾನು ಬೈಯಲು ಬಾಯಿ ತೆರೆದೆ. ನಿಂತ್ರೆ ನಾನಿದೀನಲ್ಲ ಅಂತ ಎಷ್ಟು ಸಾವಿರ ಸಲ ಅಂದಿದ್ದೇನೋ. ಎದುರಿಗೆ ಈ ಕಾಲು. ಮೊಣಕಾಲಿನಿಂದ ಕೆಳಗೆ ಹೊಲಿಗೆ, ಹೊಸಬ ಮಗ್ಗದಲ್ಲಿ ಕೂತು ಕೆಡಿಸಿದ ಅಂಚಿನಂತೆ. ರತ್ನ ಕೊಡಿಕೊಂಡದಲ್ಲಿ ಅಂದದ್ದು ಅನ್ಯಾಯವಲ್ಲ. ಅವಳಿಗೆ ಇದು ಗೊತ್ತಿಲ್ಲದಿದ್ದರೂ ಸರಿಯಾಗಿಯೇ ಅಂದಿದ್ದಳು.

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಕಾಲು ವಾಪಸ್ ಬತ್ತಿತ್ತಾ?"

ಸಮುದ್ರ

ಹೊರಡುವುದಕ್ಕೆ ಎರಡು ದಿನ ಮೊದಲು ಇಬ್ರಾಹಿಂ ನಮ್ಮಿಬ್ಬರನ್ನು ಸಮುದ್ರಕ್ಕೆ ಕರೆದೊಯ್ದ. ಪೆಟ್ರೋಲ್ ಬಾವಿ ತೋರಿಸು ಅಂದಿದ್ದೆ. ಬಾವಿಗಳು ದೂರ, ಮರಳಿನಲ್ಲಿ, ನೀರಿನಡಿಯಲ್ಲಿ, ನಮ್ಮಂಥವರನ್ನು ಬಿಡುವುದಿಲ್ಲ ಅಂದ. ಇಷ್ಟು ವರ್ಷ ಟ್ಯಾಂಕರ್ ಓಡಿಸಿದವನೂ ನೋಡಿಲ್ಲವಂತೆ. ದೂರದಲ್ಲಿ ನಿಂತ ಹಡಗುಗಳನ್ನು ತೋರಿಸಿದ. ಭೂಮಿಯಿಂದ ಬರುವುದು ಪೆಟ್ರೋಲಲ್ಲ, ತಾರಿನಂಥ ಕಪ್ಪು ಎಣ್ಣೆ. ಇಂಥ ಹಡಗಿನಲ್ಲಿ ನಮ್ಮ ದೇಶಕ್ಕೂ ಹೋಗುತ್ತದೆ, ಅಲ್ಲಿ ಕುದಿಸುತ್ತಾರೆ. ಸಾರಾಯಿ ಭಟ್ಟಿಯ ಹಾಗೆಯೇ: ಹಗುರವಾದ ಆವಿ ಮೇಲೇರಿ ಪೆಟ್ರೋಲ್, ಅದರ ಕೆಳಗೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್, ತಳದಲ್ಲಿ ರಸ್ತೆಗೆ ಹಾಕುವ ತಾರು.

ಒಂದೇ ಹಂಡೆಯ ಮಕ್ಕಳು. ರೇಷನ್ನಿನ ನೀಲಿ ಸೀಮೆಎಣ್ಣೆ ಸಿಗುತ್ತಿದ್ದ ಕಾಲದಲ್ಲಿ ನಾನೂ ಎರಡು ವರ್ಷ ಬೆರೆಸಿದ್ದೇನೆ. ಮುಚ್ಚಿಡುವುದೇನು. ಈಗ ಬೆರೆಸುವ ಕೆಲಸ ಸರ್ಕಾರವೇ ಮಾಡುತ್ತದೆ. ಪರಿಗಿಯಲ್ಲಿ ನನ್ನ ತಂಗಿಯ ಗಂಡ ಬೆಳೆಯುವ ಮುಸುಕಿನ ಜೋಳ ಸ್ಪಿರಿಟ್ಟಾಗಿ ಪೆಟ್ರೋಲಿಗೆ ಹೋಗುತ್ತದಂತೆ. ಅದು ಬಂದ ಮೇಲೆ ನನ್ನ ಬಾಟ್ಲಿಗೆ ಒಂದು ತೊಟ್ಟು ಮಳೆನೀರು ಬಿದ್ದರೂ ತಳದಲ್ಲಿ ಬೇರೆ ಪದರ ನಿಲ್ಲುತ್ತದೆ. ಅಂತೂ ನಾನು ಬಾಟ್ಲಿಯಲ್ಲಿ ಮಾರಿದ್ದು ನನ್ನ ತಂಗಿಯ ಹೊಲವನ್ನೂ ಈ ಸಮುದ್ರವನ್ನೂ ಸೇರಿಸಿ. ಹಡಗುಗಳು ಮಾತ್ರ ಎಮ್ಮೆಗಳಂತೆ ಅಲ್ಲಾಡದೆ ನಿಂತಿದ್ದವು. ಇದನ್ನು ನೋಡಲು ಪಾಸ್‌ಪೋರ್ಟ್ ಬೇಕಿತ್ತಾ?

ಮಂಜ ಊರುಗೋಲನ್ನು ಮರಳಿನಲ್ಲಿ ನೆಟ್ಟು ಕೂತಿದ್ದ. ಕೊನೇ ಸಲ ಕೇಳಿದೆ.

"ಬತ್ತೀಯಾ ಇಲ್ವಾ?"

"ಬಂದು ಏನ್ ಮಾಡ್ಲಿ? ನಿನ್ ಬಾಟ್ಲಿ ಪಕ್ಕ ಕೂತ್ಕೊಳ್ಲಾ?"

"ಕೂತ್ಕೊ. ಇನ್ನೊಂದು ಕಾಲಾದ್ರೂ ಉಳೀತದೆ."

"ಕುಂಟನ್ನ ನೋಡಕ್ಕೆ ಜನ ಬತ್ತಾರೆ, ನಿಂಗೆ ವ್ಯಾಪಾರ ಆಯ್ತದೆ." ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ, "ಡಾಕ್ಟ್ರು ಮೂರು ತಿಂಗಳಿಗೆ ಓಡಿಸ್ಬಹುದು ಅಂದವ್ರೆ. ಈಗ ಬಂದ್ರೆ ವೀಸಾ ಹೋಯ್ತದೆ. ನಾನ್ ಬರಲ್ಲ ಅಜ್ಜಿ. ಎತ್ಕೊಂಡ್ ಹೋಗಕ್ಕೆ ನಾನೇನು ಕ್ಯಾನಾ?"

ಇಬ್ರಾಹಿಂ ಹಡಗು ಎಣಿಸುವವನಂತೆ ಆ ಕಡೆ ತಿರುಗಿ ನಿಂತ.

"ಹಂಗಾದ್ರೆ ಒಂದ್ ಮಾತು ಕೊಡು. ಬೈಕ್ ಹತ್ತೋ ಮುಂಚೆ ಫುಲ್ ಮಾಡಿಸ್ಬೇಕು. ಯಾವಾಗ್ಲೂ. ವಾರಕ್ಕೊಂದ್ಸಲ ಮುಳ್ಳಿನ ಫೋಟೋ ಕಳಿಸ್ಬೇಕು."

"ಕಳಿಸ್ತೀನಿ ಬಿಡು."

ಹಿಂದೂಪುರ

ಒಬ್ಬಳೇ ಬಂದೆ. ರತ್ನಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಪ್ಲಗ್ಗಿನ ಸುಳ್ಳನ್ನೂ, ನನ್ನ ಮಾತನ್ನೂ. ಅವಳು ಫೋನ್ ಇಟ್ಟುಬಿಟ್ಟಳು. ಹಿಂದೂಪುರದ ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದರೆ, ನಮ್ಮೂರು ಮುಟ್ಟುವ ಮೊದಲೇ ಆಟೋ ನಿಂತಿತು. ಆಟೋದವನು ಡಿಕ್ಕಿಯಿಂದ ನೀರಿನ ಬಾಟ್ಲಿ ತೆಗೆದು, ಅದರಲ್ಲಿದ್ದ ಪೆಟ್ರೋಲ್ ಸುರಿದು, "ಈಗ ಹೋಗೋಣ ಬಿಡಮ್ಮ" ಅಂದ. ಬಾಟ್ಲಿ ನನ್ನದೇ, ಮುಚ್ಚಳಕ್ಕೆ ನಾನು ಕಟ್ಟುವ ಕೆಂಪು ದಾರವಿತ್ತು.

ಹಲಗೆ ತೆಗೆದುಬಿಟ್ಟೆ. ಎಂಟು ದಿನ ಒಂದು ಬಾಟ್ಲಿಯನ್ನೂ ಇಡಲಿಲ್ಲ. ಎಂಟನೇ ದಿನ ರಸ್ತೆಯ ಆಚೆ ಬದಿಯಲ್ಲಿ ಇನ್ನೊಬ್ಬಳು ಹಲಗೆ ಹಾಕಿದಳು, ಅವಳು ಬೆರೆಸುತ್ತಾಳೆ. ಒಂಬತ್ತನೇ ದಿನ ನಾನೂ ಇಟ್ಟೆ. ಈಗ ಬಂದವರಿಗೆಲ್ಲ ಹೇಳುತ್ತೇನೆ, "ಬಂಕಿಗೆ ಹೋಗಿ ಫುಲ್ ಮಾಡಿಸ್ಕೊಳ್ರಪ್ಪ." ಅವರು ನಗುತ್ತಾರೆ. "ನಿಂತ್ರೆ ನೀನಿದೀಯಲ್ಲಜ್ಜಿ" ಅನ್ನುತ್ತಾರೆ.

ಡಾಕ್ಟರು ಹೇಳಿದ ಮೂರು ತಿಂಗಳು ಮುಗಿದು ಮಂಜ ಮತ್ತೆ ಬೈಕ್ ಹತ್ತಿದ್ದಾನೆ. ಸೋಮವಾರ ಸೋಮವಾರ ಫೋಟೋ ಬರುತ್ತದೆ. ಮುಳ್ಳು ತುತ್ತತುದಿಯಲ್ಲಿರುತ್ತದೆ. ಅದರ ಕೆಳಗೆ ಗಾಡಿ ಓಡಿದ ಕಿಲೋಮೀಟರ್ ನಂಬರು ಇರುತ್ತದೆ. ಅದನ್ನು ಪ್ರತಿ ವಾರ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ಓದು ಕಡಿಮೆಯಾದರೂ ನಂಬರು ಬರುತ್ತದೆ. ಮೊದಲ ನಾಲ್ಕು ವಾರ ನಂಬರು ಏರುತ್ತಾ ಹೋಯಿತು.

ಈ ಸೋಮವಾರವೂ ಫೋಟೋ ಬಂತು. "ಫುಲ್ ಅಜ್ಜಿ" ಅಂತ ಕೆಳಗೆ ಬರೆದಿದ್ದ. ಮುಳ್ಳು ಮೇಲೇ ಇತ್ತು. ಕ್ಯಾಲೆಂಡರ್ ತಿರುಗಿಸಿ ನಂಬರು ಹೋಲಿಸಿದೆ. ಹೋದ ಸೋಮವಾರದ್ದೂ ಇದೂ ಒಂದೇ ನಂಬರು, ಕಳಿಸಿದ್ದು ಹಳೇ ಫೋಟೋ.